ಹುಳುವಿನ ರೋಗ, ಮನುಷ್ಯನ ಮದ್ದು

ರೇಷ್ಮೆ ಯಾವ ಯಾವ ನಾಡಿಗೆ ಕಾಲಿಟ್ಟಿತೋ ಆ ನಾಡಿಗೆಲ್ಲ ಅದರ ಬೆನ್ನಿಗೆ ಒಂದು ರೋಗವೂ ಬಂತು. ಚೀನಾ, ಜಪಾನ್, ಇಟಲಿ, ಫ್ರಾನ್ಸ್, ಟಿಪ್ಪುವಿನ ಕಾಲದಲ್ಲಿ ಹುಳು ಸಾಕಣೆ ಬೇರೂರಿದ ಮೈಸೂರು ಸೀಮೆ, ಹೀಗೆ ಹಿಪ್ಪುನೇರಳೆ ಬೆಳೆದ ಕಡೆಯೆಲ್ಲ ಸಾಕಣೆದಾರರು ಅದನ್ನು ಕಂಡಿದ್ದಾರೆ, ಅದರಿಂದ ಬೆಳೆ ಕಳೆದುಕೊಂಡಿದ್ದಾರೆ. ಯುರೋಪಿನ ಗ್ರಂಥಗಳು ಅದನ್ನು ಗ್ರಾಸರಿ ಎಂದು ಕರೆದವು. ನಮ್ಮ ಕಡೆಯವರು ಹಾಲುತೊಂಡೆ ಎನ್ನುತ್ತಾರೆ.

ರೋಗ ತಗುಲಿದ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡುವ ಮುಂಚಿನ ನಿದ್ದೆಗೆ, ಕೂರುವುದಿಲ್ಲ. ಮೈ ಊದಿಕೊಂಡು ಚರ್ಮ ತೆಳುವಾಗಿ ಮಿನುಗುತ್ತದೆ. ಉಂಗುರ ಉಂಗುರದ ನಡುವಿನ ಸಂದು ಉಬ್ಬಿ ಬರುತ್ತದೆ. ಜೊತೆಯ ಹುಳುಗಳು ಸೊಪ್ಪು ಮೇಯುತ್ತಿರುವಾಗ ಇದೊಂದು ಮಾತ್ರ ನೆಲೆಯಿಲ್ಲದಂತೆ ತಟ್ಟೆಯ ಅಂಚು ಹಿಡಿದು ಸುತ್ತುತ್ತದೆ. ಕಾಲಿಗೆ ಒಂದಿಷ್ಟು ಗಾಯವಾದರೂ ಸಾಕು, ಬಿಳಿಯ ಹಾಲಿನಂಥ ದ್ರವ ತೊಟ್ಟಿಕ್ಕುತ್ತದೆ. ಆ ಹನಿ ಬಿದ್ದ ಸೊಪ್ಪನ್ನು ತಿಂದ ಹುಳುವಿಗೂ ಅದೇ ಗತಿ. ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕು ಎನ್ನುವ ಹೊತ್ತಿಗೆ ಬೆಳೆಗೆ ಬೆಳೆಯೇ ಕೈಬಿಟ್ಟು ಹೋಗುವುದುಂಟು.

ಆ ಹಾಲಿನ ಹನಿಯಲ್ಲಿ ಏನಿದೆ ಎಂದು ಅರಿಯಲು ಮನುಷ್ಯನಿಗೆ ನಾಲ್ಕು ಶತಮಾನ ಹಿಡಿಯಿತು. ಅರಿತ ಮೇಲೆ ಅರ್ಧ ಶತಮಾನ ಕಳೆಯುವುದರೊಳಗೆ ಅದೇ ಕುಲದ ವೈರಸ್‌ಗಳನ್ನು ಪಳಗಿಸಿ, ಕೀಟದ ಜೀವಕೋಶಗಳಲ್ಲಿ ಮನುಷ್ಯನಿಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವ ವಿದ್ಯೆ ಕೈಗೂಡಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯೂ ಕೋವಿಡ್ ಲಸಿಕೆಯೂ ಆ ವಿದ್ಯೆಯಿಂದ ಬಂದವು. ಈ ಚರಿತ್ರೆಯಲ್ಲಿ ವೈದ್ಯರ ಹೆಸರು ಕಡಿಮೆ. ರೇಷ್ಮೆ ಹುಳುವಿನ ಕಾಯಿಲೆಗೆ ಕಾರಣ ಹುಡುಕಿದವರು, ಬೆಳೆ ತಿನ್ನುವ ಕೀಟದ ಬೆನ್ನು ಹತ್ತಿದವರು, ಹುಳುವಿನ ಅಂಡಾಶಯದ ಚೂರನ್ನು ಸೀಸೆಯಲ್ಲಿ ಬದುಕಿಸಲು ವರ್ಷಗಟ್ಟಲೆ ದುಡಿದವರು ಇದನ್ನು ಕಟ್ಟಿದರು. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಹರಳಿನ ಪತ್ತೆ

1527ರಲ್ಲಿ ಇಟಲಿಯ ಕವಿ ಮಾರ್ಕೊ ಜಿರೊಲಾಮೊ ವೀಡಾ ರೇಷ್ಮೆ ಹುಳುವಿನ ಸಾಕಣೆಯನ್ನೇ ವಸ್ತುವಾಗಿಸಿಕೊಂಡು ಲ್ಯಾಟಿನ್ ಭಾಷೆಯಲ್ಲಿ ಒಂದು ಕಾವ್ಯ ಬರೆದರು. ಹುಳುಗಳ ಕಾಯಿಲೆಯ ವರ್ಣನೆಯೂ ಅದರಲ್ಲಿ ಬರುತ್ತದೆ. ಈ ರೋಗಕ್ಕೆ ಯುರೋಪಿನಲ್ಲಿ ಸಿಗುವ ಹಳೆಯ ಸಾಕ್ಷ್ಯಗಳ ಸಾಲಿನಲ್ಲಿ ವಿದ್ವಾಂಸರು ಅದನ್ನು ಇರಿಸುತ್ತಾರೆ. ಆಮೇಲಿನ ಮುನ್ನೂರು ವರ್ಷ ಸಾಕಣೆದಾರರು ರೋಗವನ್ನು ಕಂಡರು, ಅನುಭವಿಸಿದರು. ಕಾರಣ ಮಾತ್ರ ಕಣ್ಣಿಗೆ ಬೀಳಲಿಲ್ಲ. ಬರಿಗಣ್ಣಿಗೆ ಬೀಳುವಂಥದ್ದೂ ಅದಾಗಿರಲಿಲ್ಲ.

1856ರಲ್ಲಿ ಇಟಲಿಯವರೇ ಆದ ಆಂಜೆಲೊ ಮಾಯೆಸ್ತ್ರಿ ಮತ್ತು ಎಮಿಲಿಯೊ ಕೊರ್ನಾಲಿಯಾ ಸೂಕ್ಷ್ಮದರ್ಶಕದಲ್ಲಿ ಕಾಯಿಲೆ ಹುಳುವಿನೊಳಗೆ ಹೊಳೆಯುವ ಪುಟ್ಟ ಪುಟ್ಟ ಹರಳುಗಳನ್ನು ಗುರುತಿಸಿದರು. ಹಲವು ಮುಖಗಳುಳ್ಳ, ಬೆಳಕನ್ನು ಬಾಗಿಸುವ ಹರಳುಗಳು. ಆರೋಗ್ಯವಂತ ಹುಳುವಿನಲ್ಲಿ ಅವು ಇರಲಿಲ್ಲ. ಹಾಲಿನ ಬಿಳುಪಿಗೆ ಕಾರಣ ಸಿಕ್ಕಿತು: ಹನಿಯಲ್ಲಿ ಹರಳುಗಳು ಕಿಕ್ಕಿರಿದಿದ್ದವು. ಆದರೆ ಅವು ರೋಗದ ಬೀಜವೋ ರೋಗದ ಕಸವೋ ಎಂಬುದನ್ನು ಆಗ ಯಾರೂ ಹೇಳಲಾರದಾದರು. ಕೆಲವೇ ವರ್ಷಗಳ ನಂತರ, 1865ರಲ್ಲಿ, ಲೂಯಿ ಪ್ಯಾಸ್ಚರ್ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಗೆ ಬಂದಿಳಿದರು. ಅವರು ಎದುರಿಸಿ ಗೆದ್ದದ್ದು ಗಂಟುರೋಗವೆಂಬ ಇನ್ನೊಂದು ಕಾಯಿಲೆಯನ್ನು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಶುದ್ಧ ಮೊಟ್ಟೆ ಆರಿಸುವ ಅವರ ಕ್ರಮ ಇಂದಿಗೂ ನಮ್ಮ ಮೊಟ್ಟೆ ಉತ್ಪಾದನಾ ಕೇಂದ್ರಗಳ ಅಡಿಪಾಯ. ಹಾಲುತೊಂಡೆಯ ಗುಟ್ಟು ಅವರ ಕಾಲಕ್ಕೂ ಬಿಚ್ಚಿಕೊಳ್ಳಲಿಲ್ಲ.

ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಗೊರಿಜಿಯಾ ಪಟ್ಟಣದ ರೇಷ್ಮೆ ಸಂಶೋಧನಾಲಯದಲ್ಲಿ ಯೋಹಾನ್ ಬೊಲ್ಲೆ 1890ರ ದಶಕದಲ್ಲಿ ಮುಂದಿನ ಹೆಜ್ಜೆ ಇಟ್ಟರು. ಹರಳುಗಳನ್ನು ತಿನ್ನಿಸಿದರೆ ಹುಳು ರೋಗಕ್ಕೆ ಬೀಳುತ್ತದೆ, ಹುಳುವಿನ ಕರುಳಿನ ಕ್ಷಾರರಸದಲ್ಲಿ ಹರಳು ಕರಗಿಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. 1907ರಲ್ಲಿ ಸ್ಟಾನಿಸ್ಲಾಸ್ ಫಾನ್ ಪ್ರೊವಾಜೆಕ್ ರೋಗದ ದ್ರವವನ್ನು ಸೋಸಿ ಹರಳುಗಳನ್ನು ಬೇರೆ ತೆಗೆದರು. ಸೋಸಿದ ತಿಳಿಯಲ್ಲೂ ರೋಗ ತರುವ ಶಕ್ತಿ ಉಳಿದಿತ್ತು. ಹರಳಿಗಿಂತ ಎಷ್ಟೋ ಚಿಕ್ಕದಾದದ್ದೊಂದು ಅಲ್ಲಿತ್ತು. 1947ರಲ್ಲಿ ಜರ್ಮನಿಯ ಗೆರ್ನಾಟ್ ಬೆರ್ಗೋಲ್ಡ್ ಹರಳುಗಳನ್ನು ತೆಳು ಕ್ಷಾರದಲ್ಲಿ ಕರಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಅದು ಕಣ್ಣಿಗೆ ಬಿತ್ತು: ಕೋಲಿನ ಆಕಾರದ ವೈರಸ್ ಕಣಗಳು, ದಾಳಿಂಬೆಯ ಸಿಪ್ಪೆಯೊಳಗೆ ಕಾಳು ಕೂತಂತೆ ಹರಳಿನೊಳಗೆ ಹುದುಗಿದ್ದವು. ಇಂಥ ವೈರಸ್‌ಗಳ ಕುಲಕ್ಕೆ ಬ್ಯಾಕ್ಯುಲೋವೈರಸ್ ಎಂಬ ಹೆಸರು ನಿಂತಿತು.

ಮುಂದಿನ ಕಥೆಯೆಲ್ಲ ಈ ವೈರಸ್ ಬದುಕುವ ಬಗೆಯ ಮೇಲೆ ನಿಂತಿದೆ. ಅದಕ್ಕೆ ಎರಡು ರೂಪಗಳಿವೆ. ಒಂದು ಹುಳುವಿನಿಂದ ಇನ್ನೊಂದು ಹುಳುವಿಗೆ ದಾಟಬೇಕಾದರೆ ವೈರಸ್ ಎಲೆಯ ಮೇಲೆ, ಮಣ್ಣಿನಲ್ಲಿ, ಬಿಸಿಲಿನಲ್ಲಿ ದಿನಗಟ್ಟಲೆ ಬಾಳಬೇಕು. ಅದಕ್ಕಾಗಿ ಅದು ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನಿನಿಂದ ಹರಳು ಕಟ್ಟಿಕೊಂಡು ಒಳಗೆ ಅಡಗುತ್ತದೆ. ಹುಳು ಆ ಹರಳನ್ನು ನುಂಗಿದಾಗ ಕರುಳಿನ ತೀವ್ರ ಕ್ಷಾರದಲ್ಲಿ ಕವಚ ಕರಗಿ ವೈರಸ್ ಹೊರಬರುತ್ತದೆ. ಒಮ್ಮೆ ಒಳಹೊಕ್ಕ ಮೇಲೆ ಕೋಶದಿಂದ ಕೋಶಕ್ಕೆ ದಾಟಲು ಹರಳು ಬೇಡ. ಕೋಶದ ಪೊರೆಯಿಂದ ಮೊಗ್ಗಿನಂತೆ ಒಡೆದು ಬರುವ ಇನ್ನೊಂದು ರೂಪ ಆ ಕೆಲಸ ಮಾಡುತ್ತದೆ. ಕೊನೆಯ ಘಟ್ಟದಲ್ಲಿ, ಸೋಂಕು ತಗುಲಿ ಸುಮಾರು ಒಂದು ದಿನ ಕಳೆದ ಮೇಲೆ, ಪಾಲಿಹೆಡ್ರಿನ್ ತಯಾರಿಕೆ ಶುರುವಾಗುತ್ತದೆ. ಆಗ ಕೋಶ ತನ್ನ ಬೇರೆಲ್ಲ ಕೆಲಸ ಬಿಟ್ಟು ಈ ಒಂದು ಪ್ರೋಟೀನನ್ನೇ ಹೊರತರುತ್ತದೆ. ಸಾಯುವ ಹೊತ್ತಿಗೆ ಕೋಶದೊಳಗಿನ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಪಾಲು ಅದೇ ಆಗಿರಬಹುದು. ಜೀವಲೋಕದಲ್ಲಿ ಒಂದೇ ಜೀನಿನಿಂದ ಇಷ್ಟು ಧಾರಾಳವಾಗಿ ಪ್ರೋಟೀನು ಹರಿದುಬರುವ ಸಂದರ್ಭ ಅಪರೂಪ.

ಸೀಸೆಯಲ್ಲಿ ಬದುಕಿದ ಕೋಶಗಳು

ವೈರಸ್ಸನ್ನು ಪಳಗಿಸಲು ಮೊದಲು ಅದು ಬೆಳೆಯುವ ಕೋಶಗಳನ್ನು ಹುಳುವಿನ ಮೈಯಿಂದ ಹೊರಗೆ ಬದುಕಿಸಬೇಕಿತ್ತು. 1935ರಲ್ಲಿ ಅಮೆರಿಕದ ವಿಲಿಯಂ ಟ್ರೇಗರ್ ರೇಷ್ಮೆ ಹುಳುವಿನ ಅಂಗಾಂಶದ ಚೂರುಗಳನ್ನು ಗಾಜಿನಲ್ಲಿ ಇರಿಸಿ ಅವುಗಳಲ್ಲಿ ಗ್ರಾಸರಿ ವೈರಸ್ ಬೆಳೆಸಿದರು. ಚೂರುಗಳು ಕೆಲಕಾಲ ಬದುಕಿ ಸತ್ತವು. ಕೋಶಗಳು ತಲೆಮಾರಿನಿಂದ ತಲೆಮಾರಿಗೆ ನಿಲ್ಲದೆ ಒಡೆಯುತ್ತ ಹೋಗುವಂತೆ ಮಾಡುವುದು ಇನ್ನೂ ದೂರವಿತ್ತು.

ಕೀಟದ ರಕ್ತದಲ್ಲಿ ಯಾವ ಲವಣ ಎಷ್ಟಿದೆ, ಯಾವ ಅಮೈನೋ ಆಮ್ಲ ಎಷ್ಟಿದೆ, ಸಕ್ಕರೆ ಯಾವುದು ಎಂಬ ಲೆಕ್ಕ ಹಿಡಿದು ಅದಕ್ಕೆ ಹೊಂದುವ ಪೋಷಕ ದ್ರವವನ್ನು ಸಂಶೋಧಕರು ಹಂತ ಹಂತವಾಗಿ ರೂಪಿಸಿದರು. 1956ರಲ್ಲಿ ಸಿಲ್ವಿಯಾ ವ್ಯಾಟ್ ರೇಷ್ಮೆ ಹುಳುವಿನ ರಕ್ತವನ್ನೇ ಮಾದರಿಯಾಗಿಟ್ಟುಕೊಂಡು ಒಂದು ದ್ರವ ತಯಾರಿಸಿದರು. ಅದನ್ನು ತಿದ್ದಿ ಬೆಳೆಸಿದ ಆಸ್ಟ್ರೇಲಿಯಾದ ಥಾಮಸ್ ಗ್ರೇಸ್ 1962ರಲ್ಲಿ ಆ ನಾಡಿನ ಒಂದು ಕಾಡುಚಿಟ್ಟೆಯ ಅಂಡಾಶಯದಿಂದ ತೆಗೆದ ಕೋಶಗಳು ನಿರಂತರವಾಗಿ ಬೆಳೆಯುತ್ತಿವೆ ಎಂದು ಜಗತ್ತಿಗೆ ಸಾರಿದರು. ಕೀಟಕೋಶಗಳ ಶಾಶ್ವತ ವಂಶ ಅಂದು ಹುಟ್ಟಿತು.

ಆ ಕಾಲದ ಗುರಿ ಔಷಧವಾಗಿರಲಿಲ್ಲ, ಬೆಳೆ ರಕ್ಷಣೆಯಾಗಿತ್ತು. ಕೀಟನಾಶಕಗಳ ವಿಷ ಮಣ್ಣಿಗೂ ನೀರಿಗೂ ಇಳಿಯುತ್ತಿದ್ದುದು 1960ರ ದಶಕದಲ್ಲಿ ಎಲ್ಲರಿಗೂ ಕಾಣತೊಡಗಿತ್ತು. ಕೀಟವನ್ನು ಮಾತ್ರ ಕೊಂದು ಮನುಷ್ಯನನ್ನೂ ದನವನ್ನೂ ಜೇನನ್ನೂ ಬಿಟ್ಟುಬಿಡುವ ಬ್ಯಾಕ್ಯುಲೋವೈರಸ್ ಅದಕ್ಕೆ ಬದಲಿಯಾಗಿ ತೋರಿತು. ಕುದುರೆಮೆಂತ್ಯದ ಎಲೆ ತಿನ್ನುವ ಒಂದು ಹುಳುವಿನಿಂದ ಬೇರ್ಪಡಿಸಿದ ವೈರಸ್ ಅಮೆರಿಕದ ಪ್ರಯೋಗಾಲಯಗಳಲ್ಲಿ ಮನೆಮಾತಾಯಿತು. ಅದು ಹಲವು ಜಾತಿಯ ಹುಳುಗಳಿಗೆ ತಗುಲುತ್ತಿತ್ತು, ಸೀಸೆಯ ಕೋಶಗಳಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. 1970ರಲ್ಲಿ ಫ್ರೆಡ್ ಹಿಂಕ್ ಎಲೆಕೋಸಿನ ಹುಳುವಿನ ಕೋಶವಂಶವೊಂದನ್ನು ನೆಲೆಗೊಳಿಸಿದರು. 1977ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಪ್ರಯೋಗಾಲಯದ ಜೇಮ್ಸ್ ವಾನ್ ಮತ್ತು ಸಂಗಡಿಗರು ಸ್ಪೊಡೋಪ್ಟೆರಾ ಫ್ರುಗಿಪೆರ್ಡಾ ಎಂಬ ಸೈನಿಕ ಹುಳುವಿನ ಅಂಡಾಶಯದಿಂದ ಪಡೆದ ಕೋಶವಂಶವನ್ನು ಪ್ರಕಟಿಸಿದರು. ಅದರಿಂದ ಒಂದೇ ಕೋಶವನ್ನು ಆರಿಸಿ ಬೆಳೆಸಿದ ಮರಿವಂಶಕ್ಕೆ ಎಸ್‌ಎಫ್9 ಎಂದು ಹೆಸರು. 27 ಡಿಗ್ರಿ ಸೆಲ್ಸಿಯಸ್ ಶಾಖ, ಗಾಳಿ, ಪೋಷಕ ದ್ರವ ಇಷ್ಟಿದ್ದರೆ ಸಾಕು, ಆ ಕೋಶಗಳು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತವೆ.

ಬ್ಯಾಕ್ಟೀರಿಯಾದಿಂದ ಆಗದ ಕೆಲಸ

ಈ ನಡುವೆ ಜೀವಶಾಸ್ತ್ರದಲ್ಲಿ ಯುಗ ಬದಲಾಗಿತ್ತು. 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಒಂದು ಜೀವಿಯ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸುವ ದಾರಿ ತೆರೆದರು. 1978ರಲ್ಲಿ ಬ್ಯಾಕ್ಟೀರಿಯಾ ಮನುಷ್ಯನ ಇನ್ಸುಲಿನ್ ತಯಾರಿಸಿತು. 1982ರಲ್ಲಿ ಅದು ಔಷಧವಾಗಿ ಅಂಗಡಿಗೆ ಬಂತು. ಯಾವ ಪ್ರೋಟೀನನ್ನಾದರೂ ಹೀಗೆ ತಯಾರಿಸಬಹುದು ಎಂಬ ಹುರುಪು ಎಲ್ಲೆಡೆ ಹಬ್ಬಿತು.

ಹುರುಪಿಗೆ ಬೇಗನೆ ತಡೆ ಬಿತ್ತು. ಇನ್ಸುಲಿನ್ ಚಿಕ್ಕ ಪ್ರೋಟೀನು. ಮನುಷ್ಯನ ಬಹಳಷ್ಟು ಪ್ರೋಟೀನುಗಳು ದೊಡ್ಡವು. ಅವು ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು, ಅವುಗಳ ಮೇಲೆ ಸಕ್ಕರೆಯ ಸರಪಳಿಗಳು ಕೂರಬೇಕು. ಬ್ಯಾಕ್ಟೀರಿಯಾದಲ್ಲಿ ಅದಕ್ಕೆ ಬೇಕಾದ ಏರ್ಪಾಡಿಲ್ಲ. ಎಷ್ಟೋ ಪ್ರೋಟೀನುಗಳು ಅದರೊಳಗೆ ಗಂಟು ಕಟ್ಟಿ ನಿಷ್ಪ್ರಯೋಜಕವಾದವು. ಪ್ರಾಣಿಕೋಶಗಳೇ ಬೇಕು, ಅವುಗಳೊಳಗೆ ಜೀನನ್ನು ಒಯ್ಯುವ ವಾಹನವೂ ಬೇಕು ಎಂದಾಗ ಎಲ್ಲರ ಕಣ್ಣು ವೈರಸ್‌ಗಳ ಮೇಲೆ ಬಿತ್ತು. ಕೋಶದೊಳಗೆ ನುಗ್ಗಿ ತನ್ನ ಜೀನುಗಳಿಗೆ ಕೆಲಸ ಮಾಡಿಸಿಕೊಳ್ಳುವುದು ವೈರಸ್ಸಿನ ಹುಟ್ಟುಗುಣ ತಾನೇ. 1979ರಲ್ಲಿ ಪಾಲ್ ಬರ್ಗ್ ಅವರ ತಂಡ ಎಸ್‌ವಿ40 ಎಂಬ ಮಂಗದ ವೈರಸ್ಸಿನ ಮೂಲಕ ಮೊಲದ ಗ್ಲೋಬಿನ್ ಜೀನನ್ನು ಮಂಗದ ಮೂತ್ರಪಿಂಡದ ಕೋಶಗಳಿಗೆ ಒಯ್ದು ಪ್ರೋಟೀನು ಪಡೆಯಿತು. 1982ರಲ್ಲಿ ಅಮೆರಿಕದ ಎರಡು ತಂಡಗಳು ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸಿನಿಯಾ ವೈರಸ್ಸನ್ನು ಹೀಗೆಯೇ ವಾಹಕವಾಗಿಸಿದವು. ಆದರೆ ಎಸ್‌ವಿ40 ಚಿಕ್ಕ ಚಿಪ್ಪಿನ ವೈರಸ್, ಅದರೊಳಗೆ ಹೆಚ್ಚಿನ ಡಿಎನ್‌ಎ ಹಿಡಿಸುವುದಿಲ್ಲ. ಮನುಷ್ಯನಿಗೂ ಸಸ್ತನಿಗಳಿಗೂ ತಗುಲುವ ವೈರಸ್‌ಗಳನ್ನು ಪೀಪಾಯಿಗಟ್ಟಲೆ ಬೆಳೆಸುವುದರಲ್ಲಿ ಅಂಜಿಕೆಯೂ ಇತ್ತು.

ಹುಳುವಿನ ವೈರಸ್ಸಿಗೆ ಈ ಎರಡು ತೊಡಕೂ ಇರಲಿಲ್ಲ. ಅದು ಮನುಷ್ಯನಲ್ಲಿ ಬೆಳೆಯುವುದಿಲ್ಲ. ಅದರ ಕೋಲಿನಾಕಾರದ ಚಿಪ್ಪು ಒಳಗಿನ ಡಿಎನ್‌ಎ ಉದ್ದವಾದಷ್ಟೂ ತಾನೂ ಉದ್ದವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಬಳಿ ಪಾಲಿಹೆಡ್ರಿನ್ ಇತ್ತು.

ಟೆಕ್ಸಾಸ್, ಐಡಹೊ, ಟೊಟ್ಟೊರಿ

ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಸಮ್ಮರ್ಸ್ ಬ್ಯಾಕ್ಯುಲೋವೈರಸ್‌ಗಳನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದರು. ಅವರ ಪ್ರಯೋಗಾಲಯದಲ್ಲಿ ಗೇಲ್ ಸ್ಮಿತ್ ಮತ್ತು ಮಾಲ್ಕಮ್ ಫ್ರೇಸರ್ ಇದ್ದರು. ಅವರು ಕೇಳಿಕೊಂಡ ಪ್ರಶ್ನೆ ಸರಳ, ಅದರ ಫಲ ಅಪಾರ: ಸೀಸೆಯಲ್ಲಿ ಬೆಳೆಯುವ ವೈರಸ್ಸಿಗೆ ಹರಳು ಬೇಕೇ? ಸೀಸೆಯಲ್ಲಿ ಬಿಸಿಲಿಲ್ಲ, ಒಣಗುವ ಭಯವಿಲ್ಲ, ನುಂಗುವ ಹುಳುವೂ ಇಲ್ಲ. 1983ರಲ್ಲಿ ಅವರು ಪಾಲಿಹೆಡ್ರಿನ್ ಜೀನಿನಿಂದ ಚೂರುಗಳನ್ನು ಕತ್ತರಿಸಿ ತೆಗೆದರು. ವೈರಸ್ಸಿಗೆ ಏನೂ ಆಗಲಿಲ್ಲ. ಹರಳು ಕಟ್ಟಲಿಲ್ಲ ಅಷ್ಟೆ. ಕೋಶದಿಂದ ಕೋಶಕ್ಕೆ ದಾಟುತ್ತ ಎಂದಿನಂತೆ ಬೆಳೆಯಿತು.

ಅಲ್ಲಿಗೆ ದಾರಿ ತೆರೆಯಿತು. ವೈರಸ್ ತನ್ನ ಅತ್ಯಂತ ಬಲಶಾಲಿ ಜೀನನ್ನು ಬಿಟ್ಟುಕೊಟ್ಟೂ ಬದುಕಬಲ್ಲದಾದರೆ, ಅದರ ಜಾಗದಲ್ಲಿ ನಮಗೆ ಬೇಕಾದ ಜೀನನ್ನು ಕೂರಿಸಿ, ಪಾಲಿಹೆಡ್ರಿನ್‌ಗೆ ಚಾಲನೆ ಕೊಡುವ ಡಿಎನ್‌ಎ ತುಣುಕನ್ನು, ಅಂದರೆ ಪ್ರಮೋಟರನ್ನು, ಅದಕ್ಕೆ ಜೋಡಿಸಿದರೆ ಸಾಕು. ಕೋಶ ಹರಳಿಗಾಗಿ ಮಾಡುತ್ತಿದ್ದ ದುಡಿಮೆಯನ್ನೆಲ್ಲ ನಮ್ಮ ಪ್ರೋಟೀನಿಗಾಗಿ ಮಾಡುತ್ತದೆ. ಅದೇ ವರ್ಷದ ಕೊನೆಯಲ್ಲಿ ಸ್ಮಿತ್, ಸಮ್ಮರ್ಸ್ ಮತ್ತು ಫ್ರೇಸರ್ ಹೀಗೆ ಕೀಟಕೋಶಗಳಲ್ಲಿ ಮನುಷ್ಯನ ಬೀಟಾ ಇಂಟರ್ಫೆರಾನ್ ಎಂಬ ಪ್ರೋಟೀನನ್ನು ತಯಾರಿಸಿದ ವರದಿ ಪ್ರಕಟಿಸಿದರು. ತಯಾರಾದ ಇಂಟರ್ಫೆರಾನಿನ ಬಹುಪಾಲು ಕೋಶದಿಂದ ಹೊರಗಿನ ದ್ರವಕ್ಕೆ ತಾನಾಗಿ ಬಂದಿತ್ತು. ಮನುಷ್ಯನ ಪ್ರೋಟೀನಿನ ಸಂಕೇತವನ್ನು ಹುಳುವಿನ ಕೋಶ ಓದಿ ಪಾಲಿಸಿತ್ತು.

ಆ ದಿನಗಳಲ್ಲಿ ಮರುಸಂಯೋಜಿತ ವೈರಸ್ಸನ್ನು ಹಿಡಿಯುವುದು ಕಣ್ಣು ಕೈಗಳ ಕುಶಲತೆಯ ಕೆಲಸ. ವೈರಸ್ಸಿನ ಡಿಎನ್‌ಎ ಉದ್ದ ಸುಮಾರು 1,34,000 ಅಕ್ಷರಜೋಡಿ. ಅಷ್ಟು ದೊಡ್ಡದನ್ನು ನೇರವಾಗಿ ಕತ್ತರಿಸಿ ಅಂಟಿಸಲಾಗದು. ಆದ್ದರಿಂದ ಬೇಕಾದ ಜೀನನ್ನು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದಲ್ಲಿಟ್ಟು, ಅದರ ಎರಡು ಪಕ್ಕದಲ್ಲಿ ಪಾಲಿಹೆಡ್ರಿನ್ ಅಕ್ಕಪಕ್ಕದ ವೈರಸ್ ಡಿಎನ್‌ಎ ಜೋಡಿಸಿ, ಪ್ಲಾಸ್ಮಿಡ್ಡನ್ನೂ ವೈರಸ್ ಡಿಎನ್‌ಎಯನ್ನೂ ಒಟ್ಟಿಗೆ ಕೋಶಗಳಿಗೆ ಉಣಿಸುತ್ತಿದ್ದರು. ಕೋಶದೊಳಗೆ ಎರಡೂ ಸಂಧಿಸಿ ಅದಲುಬದಲಾಗಬೇಕು. ಆಗುತ್ತಿದ್ದುದು ನೂರಕ್ಕೆ ಒಂದು, ಹಲವು ಸಲ ಅದಕ್ಕೂ ಕಡಿಮೆ. ಬಂದ ವೈರಸ್ಸನ್ನು ತೆಳುಮಾಡಿ, ತಟ್ಟೆಯ ತಳಕ್ಕೆ ಅಂಟಿದ ಕೋಶಗಳ ಮೇಲೆ ಹರಡಿ, ಮೇಲೆ ಅಗರೋಸ್ ಗಂಜಿ ಹೊಯ್ದು ಕಾಯುತ್ತಿದ್ದರು. ಕೆಲವು ದಿನಗಳಲ್ಲಿ ಒಂದೊಂದು ವೈರಸ್ ಬಿದ್ದ ಕಡೆ ಒಂದೊಂದು ಸೋಂಕಿನ ಚುಕ್ಕೆ ಮೂಡುತ್ತಿತ್ತು. ಸೂಕ್ಷ್ಮದರ್ಶಕದಡಿ ಹಳೆಯ ವೈರಸ್ಸಿನ ಚುಕ್ಕೆಗಳಲ್ಲಿ ಕೋಶಗಳು ಹರಳು ತುಂಬಿ ಥಳಥಳಿಸುತ್ತಿದ್ದವು. ನೂರಾರು ಥಳಥಳಿಸುವ ಚುಕ್ಕೆಗಳ ನಡುವೆ ಎಲ್ಲೋ ಒಂದು ಮಂಕು ಚುಕ್ಕೆ. ಹರಳಿಲ್ಲದ ಆ ಮಂಕು ಚುಕ್ಕೆಯೇ ಬೇಕಾದದ್ದು. ತಟ್ಟೆಯ ಕೆಳಗೆ ಪೆನ್ನಿನಿಂದ ಗುರುತು ಹಾಕಿ, ಗಂಜಿಯ ಚಿಕ್ಕ ತುಣುಕನ್ನು ಪಿಪೆಟ್ಟಿನಿಂದ ಎತ್ತಿ, ಮತ್ತೆ ಹರಡಿ, ಮತ್ತೆ ಹುಡುಕಿ, ಪೂರ್ತಿ ಶುದ್ಧವಾಗುವ ತನಕ ಆ ಕೆಲಸವನ್ನು ಮರಳಿ ಮರಳಿ ಮಾಡಬೇಕಿತ್ತು. ವಾರಗಟ್ಟಲೆ ಹಿಡಿಯುತ್ತಿತ್ತು. ಇಟಲಿಯವರು ಕಂಡ ಹರಳಿನ ಹೊಳಪೇ 127 ವರ್ಷಗಳ ನಂತರ ಟೆಕ್ಸಾಸ್‌ನಲ್ಲಿ ಹಳೆಯದನ್ನೂ ಹೊಸದನ್ನೂ ಬೇರ್ಪಡಿಸುವ ಗುರುತಾಯಿತು.

ಅದೇ ಹೊತ್ತಿಗೆ ಐಡಹೊ ವಿಶ್ವವಿದ್ಯಾಲಯದಲ್ಲಿ ಲೋಯಿಸ್ ಮಿಲ್ಲರ್ ಇದೇ ಗುರಿಯ ಕಡೆ ಸ್ವತಂತ್ರವಾಗಿ ನಡೆದಿದ್ದರು. 1984ರಲ್ಲಿ ಅವರ ತಂಡ ಬ್ಯಾಕ್ಟೀರಿಯಾದ ಬೀಟಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವವನ್ನು ಕೀಟಕೋಶದಲ್ಲಿ ಹೇರಳವಾಗಿ ತಯಾರಿಸಿತು. ಬ್ಯಾಕ್ಯುಲೋವೈರಸ್‌ಗಳ ಜೀನುಗಳು ಯಾವಾಗ, ಹೇಗೆ ಕೆಲಸ ಮಾಡುತ್ತವೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ಮಿಲ್ಲರ್ ಮತ್ತು ಅವರ ಶಿಷ್ಯರ ಕೊಡುಗೆ.

ಮೂರನೆಯ ಹೆಜ್ಜೆ ರೇಷ್ಮೆಯ ನಾಡಿನಿಂದಲೇ ಬಂತು. ಜಪಾನಿನ ಟೊಟ್ಟೊರಿ ವಿಶ್ವವಿದ್ಯಾಲಯದ ಸುಸುಮು ಮಾಯೆದಾ ಸೀಸೆಯನ್ನು ಬಿಟ್ಟು ಹುಳುವಿನ ಕಡೆಗೇ ತಿರುಗಿದರು. ರೇಷ್ಮೆ ಹುಳುವಿನ ಹಾಲುತೊಂಡೆ ವೈರಸ್ಸಿನಲ್ಲಿ ಮನುಷ್ಯನ ಆಲ್ಫಾ ಇಂಟರ್ಫೆರಾನ್ ಜೀನನ್ನು ಸೇರಿಸಿ ಹುಳುಗಳಿಗೆ ಚುಚ್ಚಿದರು. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದ ಹುಳುವಿನ ರಕ್ತದಲ್ಲಿ ಇಂಟರ್ಫೆರಾನ್ ತುಂಬಿತು. 1985ರಲ್ಲಿ ಆ ವರದಿ ನೇಚರ್ ಪತ್ರಿಕೆಯಲ್ಲಿ ಬಂದಾಗ ಜಪಾನಿನ ರೇಷ್ಮೆ ಉದ್ಯಮ ಇಳಿಮುಖವಾಗಿತ್ತು. ಹುಳು ಸಾಕುವ ಸಾವಿರಾರು ವರ್ಷಗಳ ಕೈಚಳಕಕ್ಕೆ ಮಾಯೆದಾ ಹೊಸ ಕೆಲಸ ತೋರಿಸಿದರು. ಜಪಾನಿನ ಟೋರೆ ಕಂಪನಿ ಇದೇ ದಾರಿ ಹಿಡಿದು ರೇಷ್ಮೆ ಹುಳುಗಳಲ್ಲಿ ಬೆಕ್ಕಿನ ಇಂಟರ್ಫೆರಾನ್ ತಯಾರಿಸಿತು. 1990ರ ದಶಕದಲ್ಲಿ ಅದು ಪಶುವೈದ್ಯಕೀಯ ಔಷಧವಾಗಿ ಬಳಕೆಗೆ ಬಂತು.

ಕೈಪಿಡಿಯ ಕಾಲ

1987ರಲ್ಲಿ ಟೆಕ್ಸಾಸ್ ಕೃಷಿ ಪ್ರಯೋಗ ಕೇಂದ್ರ ತನ್ನ 1555ನೇ ಪ್ರಕಟಣೆಯಾಗಿ ಒಂದು ಕೈಪಿಡಿ ಹೊರತಂದಿತು. ಬರೆದವರು ಸಮ್ಮರ್ಸ್ ಮತ್ತು ಸ್ಮಿತ್. ಕೋಶಗಳನ್ನು ಹೇಗೆ ಸಾಕಬೇಕು, ವೈರಸ್ಸನ್ನು ಹೇಗೆ ಅಳೆಯಬೇಕು, ಮಂಕು ಚುಕ್ಕೆಯನ್ನು ಹೇಗೆ ಗುರುತಿಸಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನೆಲ್ಲ ಬಿಡಿಸಿ ಹೇಳಿದ ಪುಸ್ತಕ ಅದು. ರೈತರಿಗೆ ಬಿತ್ತನೆ, ಗೊಬ್ಬರದ ಮಾಹಿತಿ ಕೊಡುವ ಕೃಷಿ ಕೇಂದ್ರದ ಪ್ರಕಟಣೆಗಳ ಸಾಲಿನಲ್ಲಿ ಜೀವತಂತ್ರಜ್ಞಾನದ ಒಂದು ಮೂಲಗ್ರಂಥ ಹೀಗೆ ಬಂದು ಕೂತಿತು. ಅದರ ಜೊತೆಗೆ ಕೋಶಗಳೂ ವೈರಸ್ಸೂ ಪ್ಲಾಸ್ಮಿಡ್ಡುಗಳೂ ಜಗತ್ತಿನ ನಾನಾ ಪ್ರಯೋಗಾಲಯಗಳಿಗೆ ಹೋದವು. ವಿದ್ಯೆ ಹರಡಿದ್ದು ಈ ಉದಾರತೆಯಿಂದ.

ಕೆಲಸವನ್ನು ಹಗುರ ಮಾಡುವ ಉಪಾಯಗಳು ಬೆನ್ನಿಗೆ ಬಂದವು. ಆಕ್ಸ್‌ಫರ್ಡಿನ ರಾಬರ್ಟ್ ಪಾಸಿ ಮತ್ತು ಪಾಲ್ ಕಿಟ್ಸ್ ವೃತ್ತಾಕಾರದ ವೈರಸ್ ಡಿಎನ್‌ಎಯನ್ನು ಒಂದು ಕಡೆ ಕತ್ತರಿಸಿ, ಬದುಕಲು ಬೇಕಾದ ಒಂದು ಜೀನಿನ ಚೂರನ್ನೂ ತೆಗೆದುಬಿಟ್ಟರು. ಆ ಚೂರು ಪ್ಲಾಸ್ಮಿಡ್ಡಿನಲ್ಲಿ ಮಾತ್ರ ಇತ್ತು. ಹಾಗಾಗಿ ಬೇಕಾದ ಜೀನನ್ನು ಪಡೆದ ವೈರಸ್ ಮಾತ್ರ ಬದುಕುತ್ತಿತ್ತು, ಉಳಿದದ್ದು ತಾನಾಗಿ ನಶಿಸುತ್ತಿತ್ತು. ನೂರರಲ್ಲಿ ಒಂದನ್ನು ಹುಡುಕುವ ಕಷ್ಟ ನೀಗಿ, ಸಿಕ್ಕಿದ್ದರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಬೇಕಾದದ್ದೇ ಆಗಿರತೊಡಗಿತು. 1993ರಲ್ಲಿ ಮಾನ್ಸಾಂಟೊ ಕಂಪನಿಯ ವರ್ನ್ ಲಕೋವ್ ಮತ್ತು ಸಂಗಡಿಗರು ಇಡೀ ವೈರಸ್ ಡಿಎನ್‌ಎಯನ್ನೇ ಬ್ಯಾಕ್ಟೀರಿಯಾದೊಳಗೆ ಬೆಳೆಯುವಂತೆ ಮಾಡಿ, ಜೀನನ್ನು ಅಲ್ಲೇ ಸೇರಿಸುವ ಕ್ರಮ ಕಂಡುಕೊಂಡರು. ಜೀನು ಸೇರಿದ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಬಿಳಿ ಚುಕ್ಕೆಯಾಗುತ್ತದೆ, ಸೇರದಿದ್ದದ್ದು ನೀಲಿ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. 1994ರಲ್ಲಿ ವೈರಸ್ಸಿನ ಪೂರ್ತಿ ಜೀನೋಮನ್ನು ಓದಿ ಮುಗಿಸಲಾಯಿತು.

ಈ ಹುಡುಕಾಟ ಮತ್ತೊಂದು ದಾರಿಯನ್ನೂ ತೆರೆಯಿತು. ಹರಳು ಕಡಿಮೆ ಕಟ್ಟುವ ವೈರಸ್‌ಗಳನ್ನು ಪರೀಕ್ಷಿಸುತ್ತಿದ್ದ ಫ್ರೇಸರ್‌ಗೆ, ಎಲೆಕೋಸಿನ ಹುಳುವಿನ ಕೋಶದಿಂದ ವೈರಸ್ಸಿನೊಳಗೆ ಜಿಗಿದು ಕೂತ ಒಂದು ಡಿಎನ್‌ಎ ತುಣುಕು ಕಂಡಿತು. ಪಿಗ್ಗಿಬ್ಯಾಕ್ ಎಂಬ ಹೆಸರಿನ ಆ ಜಿಗಿಯುವ ತುಣುಕು ಮುಂದೆ ಜೀನುಗಳನ್ನು ಸಾಗಿಸುವ ಸಾಧನವಾಯಿತು. 2000ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ನೆರವಿನಿಂದ ರೇಷ್ಮೆ ಹುಳುವಿನ ವಂಶವನ್ನೇ ಶಾಶ್ವತವಾಗಿ ಬದಲಿಸಿ ತೋರಿಸಿದರು.

ಸೀಸೆಯಿಂದ ಲಸಿಕೆಗೆ

1987ರಲ್ಲಿ ಏಡ್ಸ್ ಜಗತ್ತನ್ನು ನಡುಗಿಸುತ್ತಿದ್ದಾಗ, ಕನೆಕ್ಟಿಕಟ್‌ನ ಮೈಕ್ರೋಜೀನ್‌ಸಿಸ್ ಕಂಪನಿ ಕೀಟಕೋಶಗಳಲ್ಲಿ ತಯಾರಿಸಿದ ಎಚ್‌ಐವಿ ಹೊರಪೊರೆಯ ಪ್ರೋಟೀನನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಅಮೆರಿಕದ ಅನುಮತಿ ಪಡೆಯಿತು. ಆ ದೇಶದಲ್ಲಿ ಹೀಗೆ ಪರೀಕ್ಷೆಗೆ ಒಪ್ಪಿಗೆ ಪಡೆದ ಮೊದಲ ಎಚ್‌ಐವಿ ಲಸಿಕೆ ಅದು. ಅದರಿಂದ ರೋಗ ನಿಲ್ಲಲಿಲ್ಲ. ಆದರೆ ಕೀಟಕೋಶದ ಪ್ರೋಟೀನನ್ನು ಮನುಷ್ಯನ ಮೈಗೆ ಚುಚ್ಚಬಹುದು ಎಂಬ ಅನುಭವ ಉಳಿಯಿತು.

ಯಶಸ್ಸು ಬೇರೆ ದಿಕ್ಕಿನಿಂದ ಬಂತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್ಸನ್ನು ಸೀಸೆಯಲ್ಲಿ ಬೆಳೆಸುವುದು ಬಹು ಕಷ್ಟ. 1991ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ ವ್ಯಾಕ್ಸಿನಿಯಾ ವಾಹಕದ ಮೂಲಕ ಅದರ ಹೊರಚಿಪ್ಪಿನ ಪ್ರೋಟೀನುಗಳನ್ನು ತಯಾರಿಸಿ, ಅವು ವೈರಸ್ಸಿನಂಥ ಕಣಗಳಾಗಿ ಕೂಡಿಕೊಳ್ಳುವುದನ್ನು ಕಂಡರು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರೈನ್‌ಹಾರ್ಡ್ ಕಿರ್ನ್‌ಬಾವರ್, ಜಾನ್ ಶಿಲ್ಲರ್, ಡಗ್ಲಸ್ ಲೋವಿ ಅವರು ಬ್ಯಾಕ್ಯುಲೋವೈರಸ್ ಬಳಸಿ ಎಲ್1 ಎಂಬ ಒಂದೇ ಪ್ರೋಟೀನಿನಿಂದ ಅಂಥ ಚಿಪ್ಪುಗಳನ್ನು ಪಡೆದರು. ದನದ ಪ್ಯಾಪಿಲೋಮಾ ವೈರಸ್ಸಿನ ಎಲ್1 ಸಲೀಸಾಗಿ ಚಿಪ್ಪು ಕಟ್ಟಿತು. ಮನುಷ್ಯನ 16ನೇ ಬಗೆಯದು ಮಾತ್ರ ಸರಿಯಾಗಿ ಕಟ್ಟಲಿಲ್ಲ. ಎಲ್ಲರೂ ಬಳಸುತ್ತಿದ್ದ ಮಾದರಿ ಜೀನು ಕ್ಯಾನ್ಸರ್ ಗಡ್ಡೆಯಿಂದ ಬಂದದ್ದು. ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಕ್ಯಾನ್ಸರಿಗೆ ತಿರುಗದ ಸೋಂಕಿನಿಂದ ತೆಗೆದ ಜೀನನ್ನು ಹಾಕಿದಾಗ ಚಿಪ್ಪುಗಳು ಹೇರಳವಾಗಿ ಕೂಡಿಬಂದವು. ಒಳಗೆ ಡಿಎನ್‌ಎ ಇಲ್ಲದ ಬರಿಯ ಚಿಪ್ಪು, ರೋಗ ತರಲಾರದು, ಆದರೆ ದೇಹದ ರಕ್ಷಣಾಪಡೆಗೆ ನಿಜವಾದ ವೈರಸ್ಸನ್ನೇ ಕಂಡಂತೆ. ಇದೇ ತಿಳಿವಳಿಕೆಯ ಮೇಲೆ ನಿಂತ ಸರ್ವಾರಿಕ್ಸ್ ಲಸಿಕೆಗೆ ಯುರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಎಲೆಕೋಸಿನ ಹುಳುವಿನ ಕೋಶಗಳು ಅದರ ಪ್ರೋಟೀನನ್ನು ತಯಾರಿಸುತ್ತವೆ.

2013ರಲ್ಲಿ ಫ್ಲೂಬ್ಲಾಕ್ ಎಂಬ ಫ್ಲೂ ಲಸಿಕೆ ಬಂತು. ಕೋಳಿಮೊಟ್ಟೆಯಲ್ಲಿ ಫ್ಲೂ ವೈರಸ್ ಬೆಳೆಸುವ ಹಳೆಯ ದಾರಿಯನ್ನು ಬಿಟ್ಟು, ಬೇಕಾದ ಒಂದು ಪ್ರೋಟೀನನ್ನು ಮಾತ್ರ ಸೈನಿಕ ಹುಳುವಿನ ಕೋಶಗಳಲ್ಲಿ ತಯಾರಿಸುವ ಲಸಿಕೆ ಅದು. ಹೃದಯವನ್ನೂ ಶ್ವಾಸಕೋಶವನ್ನೂ ನಿಯಂತ್ರಿಸುವ ಅಡ್ರಿನಾಲಿನ್ ಗ್ರಾಹಕದ ರಚನೆಯನ್ನು ಬ್ರಯನ್ ಕೊಬಿಲ್ಕಾ ಅವರ ತಂಡ ಬಿಡಿಸಿದ್ದೂ ಕೀಟಕೋಶಗಳಲ್ಲಿ ತಯಾರಿಸಿದ ಪ್ರೋಟೀನಿನಿಂದ. 2012ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು. 2021ರಲ್ಲಿ ನೋವಾವ್ಯಾಕ್ಸ್ ಕಂಪನಿಯ ಕೋವಿಡ್ ಲಸಿಕೆ ಬಳಕೆಗೆ ಬಂದಾಗ ಅದರ ಹಿಂದಿನ ಸಂಶೋಧನೆಯ ಮುಂದಾಳುಗಳಲ್ಲಿ ಒಬ್ಬರು ಗೇಲ್ ಸ್ಮಿತ್. 1983ರಲ್ಲಿ ಕೀಟಕೋಶಗಳಲ್ಲಿ ಮೊದಲು ಇಂಟರ್ಫೆರಾನ್ ತಯಾರಿಸಿದವರಲ್ಲಿ ಒಬ್ಬರು ಅವರೇ. ಕೊರೊನಾದ ಮುಳ್ಳಿನ ಪ್ರೋಟೀನನ್ನು ತಯಾರಿಸಿದ್ದು ಅದೇ ಎಸ್‌ಎಫ್9 ಕೋಶಗಳು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಆ ಲಸಿಕೆಯನ್ನು ಕೋವೊವ್ಯಾಕ್ಸ್ ಹೆಸರಿನಲ್ಲಿ ತಯಾರಿಸಿತು. 2021ರ ಡಿಸೆಂಬರಿನಲ್ಲಿ ಭಾರತ ಅದರ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತು.

ಈ ವಿದ್ಯೆಗೆ ಮಿತಿಗಳೂ ಇವೆ. ಕೀಟಕೋಶ ಪ್ರೋಟೀನಿನ ಮೇಲೆ ಕೂರಿಸುವ ಸಕ್ಕರೆ ಸರಪಳಿ ಮನುಷ್ಯನದಕ್ಕಿಂತ ಸರಳ, ಮೊಟಕು. ರಕ್ತದಲ್ಲಿ ಬಹುದಿನ ಉಳಿಯಬೇಕಾದ ಔಷಧಗಳಿಗೆ ಅದು ಹೊಂದದು. ವೈರಸ್ ಕೊನೆಗೆ ಕೋಶವನ್ನು ಕೊಲ್ಲುವುದರಿಂದ ಪ್ರತಿ ಸಲವೂ ಹೊಸದಾಗಿ ಸೋಂಕು ತಗುಲಿಸಬೇಕು. 2014ರಲ್ಲಿ ಸೈನಿಕ ಹುಳುವಿನ ಕೋಶವಂಶಗಳಲ್ಲಿ ಅಡಗಿದ್ದ ಇನ್ನೊಂದು ವೈರಸ್ ಪತ್ತೆಯಾಗಿ, ತಯಾರಿಕೆಯ ಎಚ್ಚರ ಇನ್ನಷ್ಟು ಬಿಗಿಯಾಯಿತು. ಇಷ್ಟಾದರೂ ಸೋಂಕುರೋಗ ಎರಗಿದಾಗ ಹೊಸ ಪ್ರೋಟೀನನ್ನು ಬೇಗ ತಯಾರಿಸಲು ಲೋಕ ನೆಚ್ಚುವ ದಾರಿಗಳಲ್ಲಿ ಇದೂ ಒಂದಾಗಿ ಉಳಿದಿದೆ.

ನಮ್ಮ ನೆಲದಲ್ಲಿ

ಈ ಚರಿತ್ರೆಯ ಪಾತ್ರಗಳೆಲ್ಲ ಕರ್ನಾಟಕಕ್ಕೆ ಪರಿಚಿತ. ಕಲಬುರಗಿಯ ತೊಗರಿ ಬೆಳೆಗಾರರು ಕಾಯಿಕೊರಕನ ಮೇಲೆ ಎನ್‌ಪಿವಿ ಎಂಬ ಔಷಧ ಸಿಂಪಡಿಸುವುದನ್ನು ಬಲ್ಲರು. ಬಿಸಿಲಿಗೆ ವೈರಸ್ ಕೆಡುತ್ತದೆಂದು ಸಂಜೆ ಹೊತ್ತು ಬೆಲ್ಲದ ನೀರು ಬೆರೆಸಿ ಸಿಂಪಡಿಸುವ ಆ ಔಷಧ ಇದೇ ಕುಲದ ವೈರಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರ ತಂಡ ಮಿಣುಕುಹುಳುವಿನ ಲೂಸಿಫೆರೇಸ್ ಜೀನನ್ನು ಹಾಲುತೊಂಡೆ ವೈರಸ್ಸಿಗೆ ಸೇರಿಸಿ, ರೇಷ್ಮೆ ಹುಳುವಿನ ಕೋಶಗಳಲ್ಲೂ ಹುಳುಗಳಲ್ಲೂ ಆ ಪ್ರೋಟೀನನ್ನು ಹೇರಳವಾಗಿ ಪಡೆದು 1995ರಲ್ಲಿ ಪ್ರಕಟಿಸಿತು. ಮಾಯೆದಾ ಜಪಾನಿನಲ್ಲಿ ತೆರೆದ ದಾರಿಯಲ್ಲಿ ರೇಷ್ಮೆಯ ಇನ್ನೊಂದು ನಾಡು ತನ್ನ ಹೆಜ್ಜೆ ಇಟ್ಟಿತ್ತು. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ. ಸುಳಿಯೊಳಗೆ ಕೂತು ಬೆಳೆ ಮುಗಿಸುವ ಆ ಹುಳು ಸ್ಪೊಡೋಪ್ಟೆರಾ ಫ್ರುಗಿಪೆರ್ಡಾ. ಅದರ ಅಂಡಾಶಯದಿಂದ ಬಂದ ಕೋಶಗಳೇ ಕೋವೊವ್ಯಾಕ್ಸ್ ತಯಾರಿಸಿದವು.

ಮಾಯೆಸ್ತ್ರಿ, ಬೊಲ್ಲೆ, ಗ್ರೇಸ್, ವಾನ್ ಇವರಲ್ಲಿ ಯಾರೂ ಕ್ಯಾನ್ಸರ್ ಲಸಿಕೆಯನ್ನು ಕನಸಿನಲ್ಲೂ ಕಂಡವರಲ್ಲ. ಹುಳು ಯಾಕೆ ಸಾಯುತ್ತದೆ, ಅದರ ಕೋಶ ಹೇಗೆ ಬದುಕುತ್ತದೆ ಎಂಬುದಷ್ಟೇ ಅವರ ಪ್ರಶ್ನೆ. ಆ ಪ್ರಶ್ನೆಗೆ ಹಣ ಕೊಟ್ಟವು ರೇಷ್ಮೆ ಸಂಶೋಧನಾಲಯಗಳು, ಕೃಷಿ ಇಲಾಖೆಗಳು, ಪ್ರಾಂತೀಯ ವಿಶ್ವವಿದ್ಯಾಲಯಗಳು. ಉತ್ತರ ಬೆಳೆಯುತ್ತ ಬೆಳೆಯುತ್ತ ಮನುಷ್ಯನ ಮೈಯ ತನಕ ಬಂತು. ರೇಷ್ಮೆ ಇಲಾಖೆಯ ಕೆಲಸವನ್ನೂ ಕೀಟಶಾಸ್ತ್ರದ ವಿಭಾಗವನ್ನೂ ಎರಡನೆಯ ದರ್ಜೆಯ ವಿದ್ಯೆಯೆಂದು ಕಾಣುವವರಿಗೆ ಈ ಚರಿತ್ರೆ ಕೊಡುವ ಉತ್ತರ ನೇರವಾಗಿದೆ: ಹುಳುವಿನ ರೋಗವನ್ನು ಹುಳುವಿಗಾಗಿಯೇ ಶ್ರದ್ಧೆಯಿಂದ ಅಧ್ಯಯನ ಮಾಡಿದ ಸಮಾಜಗಳಿಗೆ ಮನುಷ್ಯನ ಮದ್ದು ದಕ್ಕಿತು. ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳೂ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಇರುವ ನಾಡು ನಮ್ಮದು. ಆ ಶ್ರದ್ಧೆಯನ್ನು ಉಳಿಸಿಕೊಂಡು ಅದಕ್ಕೆ ಹಣವನ್ನೂ ಮನ್ನಣೆಯನ್ನೂ ಕೊಡುವುದು ಬೇರೆ ಯಾವ ನಾಡಿಗಿಂತಲೂ ಹೆಚ್ಚಾಗಿ ನಮ್ಮ ಹೊಣೆ.